ಜಾವಗಲ್ ಶ್ರೀನಾಥ್: ತವರಿನ ಪಿಚ್‌ಗಳು ಅವರಿಗೆ ನಿಜಕ್ಕೂ ಮುಳುವಾದವೇ?

ಹೊಸಚೆಂಡು ಬರೆದಿದ್ದಾರೆ:

ಸದಸ್ಯರೆಲ್ಲರಿಗೂ ನಮಸ್ಕಾರ. ಭಾರತದ ವೇಗದ ಬೌಲರ್‌ಗಳ ಮಾತು ಬಂದಾಗಲೆಲ್ಲ ಜಾವಗಲ್ ಶ್ರೀನಾಥ್ ಅವರ ಬಗ್ಗೆ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ಸ್ಪಿನ್ನರ್‌ಗಳಿಗಾಗಿಯೇ ಸಿದ್ಧಪಡಿಸಿದ ನಮ್ಮ ಒಣ ಪಿಚ್‌ಗಳಲ್ಲಿ ಅವರ ಬೆವರು ವ್ಯರ್ಥವಾಯಿತು, ವೇಗಕ್ಕೆ ಬೆಲೆ ಕೊಡುವ ಬೇರೊಂದು ದೇಶಕ್ಕೆ ಆಡಿದ್ದರೆ ಅವರ ಲೆಕ್ಕವೇ ಬೇರೆಯಾಗಿರುತ್ತಿತ್ತು ಎನ್ನುತ್ತಾರೆ. ಅಭಿಮಾನದಿಂದ ಬಂದ ಮಾತೇ ಇರಬಹುದು, ಆದರೆ ಅಂಕಿಅಂಶ ಇದನ್ನು ಒಪ್ಪುವುದಿಲ್ಲ. ಅವರು ಆಡಿದ 67 ಟೆಸ್ಟ್‌ಗಳಲ್ಲಿ ಪಡೆದದ್ದು 236 ವಿಕೆಟ್, ಸರಾಸರಿ (ಪ್ರತಿ ವಿಕೆಟ್‌ಗೆ ತೆತ್ತ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) 30.49. ಇದನ್ನು ಬಿಡಿಸಿ ನೋಡಿದರೆ, ಭಾರತದಲ್ಲಿ ಆಡಿದ 32 ಟೆಸ್ಟ್‌ಗಳಲ್ಲಿ 108 ವಿಕೆಟ್‌ಗಳನ್ನು ಸುಮಾರು 26 ರನ್‌ಗಳ ಸರಾಸರಿಯಲ್ಲಿಯೂ, ಹೊರದೇಶಗಳ 35 ಟೆಸ್ಟ್‌ಗಳಲ್ಲಿ 128 ವಿಕೆಟ್‌ಗಳನ್ನು 33ಕ್ಕೂ ಹೆಚ್ಚಿನ ಸರಾಸರಿಯಲ್ಲಿಯೂ ಅವರು ಪಡೆದಿದ್ದಾರೆ. ಅಂದರೆ ಯಾವ ನೆಲ ಅವರಿಗೆ ದ್ರೋಹ ಮಾಡಿತೆಂದು ನಾವು ಹೇಳುತ್ತೇವೆಯೋ ಆ ನೆಲದಲ್ಲಿಯೇ ಅವರು ಹೆಚ್ಚು ಅಪಾಯಕಾರಿಯಾಗಿದ್ದರು.

ನನ್ನ ವಿವರಣೆ ಹೀಗಿದೆ. ಶ್ರೀನಾಥ್ ಅವರ ಸಹಜ ಎಸೆತ ಬಲಗೈ ದಾಂಡಿಗನಿಗೆ ಹೊರಗಿನಿಂದ ಒಳಕ್ಕೆ ನುಗ್ಗುವಂಥದು. ಆರಡಿ ಮೀರಿದ ಎತ್ತರ, ನೆಟ್ಟಗೆ ಮೇಲಿನಿಂದ ಇಳಿಯುವ ತೋಳು, ಸೀಮ್ (ಚೆಂಡಿನ ಹೊಲಿಗೆ) ನೆಲಕ್ಕೆ ಬಡಿಯುವಂತೆ ಬಲವಾಗಿ ಹಾಕುವ ಅಭ್ಯಾಸ, ಇಷ್ಟೂ ಸೇರಿ ಅವರ ಚೆಂಡು ಗುಡ್ ಲೆಂತ್‌ಗಿಂತ, ಅಂದರೆ ದಾಂಡಿಗನನ್ನು ಮುಂದೆ ಹೋಗಲೋ ಹಿಂದೆ ಸರಿಯಲೋ ಎಂಬ ಗೊಂದಲಕ್ಕೆ ಸಿಲುಕಿಸುವ ಜಾಗಕ್ಕಿಂತ, ತುಸು ಹಿಂದೆಯೇ ಬೀಳುತ್ತಿತ್ತು. ಪುಟಿತ ಚೆನ್ನಾಗಿರುವ ಪಿಚ್‌ನಲ್ಲಿ ಇಂಥ ಎಸೆತ ದಾಂಡಿಗನ ತೊಡೆಗೋ ಪಕ್ಕೆಗೋ ಏರಿ, ಸ್ಟಂಪ್‌ಗಳ ಮೇಲಿಂದ ಹಾದು ಕೀಪರ್ ಕೈ ಸೇರುತ್ತದೆ. ದಾಂಡಿಗ ತಬ್ಬಿಬ್ಬಾಗುತ್ತಾನೆ, ಔಟಾಗುವುದು ಕಡಿಮೆ. ಅದೇ ಎಸೆತ ಚೆಂಡು ಮೇಲೇಳದ ನೆಲದಲ್ಲಿ ಬಿದ್ದಾಗ ಮೊಣಕಾಲಿನ ಮಟ್ಟದಲ್ಲಿಯೇ ಒಳಕ್ಕೆ ಹೊಕ್ಕು ಪ್ಯಾಡಿಗೋ ಗೂಟಕ್ಕೋ ಬಡಿಯುತ್ತದೆ. ಅಲ್ಲದೆ ಒರಟು ನೆಲದಲ್ಲಿ ಚೆಂಡಿನ ಒಂದು ಮಗ್ಗುಲು ಬೇಗ ಸವೆದು ರಿವರ್ಸ್ ಸ್ವಿಂಗ್ (ಹಳೆಯ ಚೆಂಡು ಗಾಳಿಯಲ್ಲಿ ಎಂದಿನದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವುದು) ಸಿಗುತ್ತದೆ. ಅದನ್ನು ಬಳಸಿಕೊಳ್ಳುವಷ್ಟು ವೇಗ ಅವರಲ್ಲಿತ್ತು.

1996ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾದ ಮುಂದಿದ್ದ ಗುರಿ ಕೇವಲ 170. ಸ್ಪಿನ್ನರ್‌ಗಳೇ ಗೆಲ್ಲಿಸಬೇಕೆಂದು ಎಲ್ಲರೂ ಕಾದಿದ್ದ ಆ ಪಿಚ್‌ನಲ್ಲಿ ಶ್ರೀನಾಥ್ 21 ರನ್‌ಗಳಿಗೆ 6 ವಿಕೆಟ್ ಪಡೆದರು, ಎದುರಾಳಿ ತಂಡ 105ಕ್ಕೆ ಮುಗಿಯಿತು, ಭಾರತ 64 ರನ್‌ಗಳಿಂದ ಗೆದ್ದಿತು. ಇದನ್ನು ಆಕಸ್ಮಿಕವೆಂದು ಬದಿಗಿಡುವವರಿದ್ದಾರೆ. ನನಗೆ ಅವರ ಬೌಲಿಂಗಿನ ಅತ್ಯಂತ ಶುದ್ಧವಾದ ಉದಾಹರಣೆಯಾಗಿ ಕಾಣುವುದು ಇದೇ. ಸದಸ್ಯರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಮೂರನೇಸ್ಲಿಪ್ ಬರೆದಿದ್ದಾರೆ:

ಹೊಸಚೆಂಡು ಅವರೇ, ತಾವು ಕೊಟ್ಟ ಅಂಕಿಗಳನ್ನು ಒಪ್ಪುತ್ತೇನೆ, ಅವುಗಳಿಂದ ತೆಗೆದ ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ಅವರ ಹೊರದೇಶದ ಸರಾಸರಿ ಕೆಡಲು ಒಂದು ಮುಖ್ಯ ಕಾರಣ ಕಾಲಕ್ರಮದಲ್ಲಿದೆ. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ಎದುರು ಟೆಸ್ಟ್‌ಗೆ ಕಾಲಿಟ್ಟಾಗ ಅವರಿಗೆ 22 ವರ್ಷ. ಆ ಸರಣಿಯಲ್ಲಿ 10 ವಿಕೆಟ್ ಪಡೆದರೂ ಪ್ರತಿ ವಿಕೆಟ್‌ಗೆ 50ಕ್ಕೂ ಹೆಚ್ಚು ರನ್ ತೆತ್ತರು. ಅಂದರೆ ಕಲಿಕೆಯ ದಿನಗಳ ದುಬಾರಿ ವಿಕೆಟ್‌ಗಳೆಲ್ಲ ಹೊರದೇಶದ ಖಾತೆಗೆ ಸೇರಿವೆ. ತವರಿನ ಖಾತೆ ತೆರೆದದ್ದು ಅವರು ಪಳಗಿದ ಮೇಲೆಯೇ, ಏಕೆಂದರೆ ತವರಿನಲ್ಲಿ ಮೊದಲ ಟೆಸ್ಟ್ ಆಡಲು ಅವರು ಸುಮಾರು ಮೂರು ವರ್ಷ ಕಾಯಬೇಕಾಯಿತು.

ಆ ಕಾಯುವಿಕೆಯ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲವೆಂಬುದು ನನ್ನ ಅಳಲು. 1992-93ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಅವರು 26ರ ಆಸುಪಾಸಿನ ಸರಾಸರಿಯಲ್ಲಿ 12 ವಿಕೆಟ್ ಪಡೆದು ಬಂದಿದ್ದರು. ಅಷ್ಟಾದ ಮೇಲೂ 1993ರಲ್ಲಿ ಇಂಗ್ಲೆಂಡ್ ಎದುರಿನ ಮೂರು, ಜಿಂಬಾಬ್ವೆ ಎದುರಿನ ಒಂದು, 1994ರಲ್ಲಿ ಶ್ರೀಲಂಕಾ ಎದುರಿನ ಮೂರು, ಹೀಗೆ ತವರಿನ ಏಳು ಟೆಸ್ಟ್‌ಗಳಲ್ಲಿ ಒಂದರಲ್ಲಿಯೂ ಅವರಿಗೆ ಸ್ಥಾನ ಸಿಗಲಿಲ್ಲ. ಕುಂಬ್ಳೆ, ರಾಜೇಶ್ ಚೌಹಾಣ್, ವೆಂಕಟಪತಿ ರಾಜು ಎಂಬ ಮೂವರು ಸ್ಪಿನ್ನರ್‌ಗಳು ತಂಡದಲ್ಲಿದ್ದರು. ಹೊಸ ಚೆಂಡು ಹಿಡಿಯಲು ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್ ಇದ್ದರು. ಕಪಿಲ್ ಆಗ ರಿಚರ್ಡ್ ಹ್ಯಾಡ್ಲಿಯವರ 431 ವಿಕೆಟ್‌ಗಳ ದಾಖಲೆಯನ್ನು ಸಮೀಪಿಸುತ್ತಿದ್ದರು. 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅದನ್ನು ದಾಟಿ, ಮರುತಿಂಗಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ತಮ್ಮ ಕೊನೆಯ ಟೆಸ್ಟ್ ಆಡಿದರು. ಕಪಿಲ್ ಅವರ ಸಾಧನೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ 23-24ರ ವಯಸ್ಸು ವೇಗದ ಬೌಲರ್ ಒಬ್ಬನ ಮೈಕಟ್ಟು ಉತ್ತುಂಗದಲ್ಲಿರುವ ಕಾಲ. ಆ ಎರಡು ವರ್ಷಗಳು ಶ್ರೀನಾಥ್ ಅವರಿಗೆ ಮರಳಿ ಸಿಗಲಿಲ್ಲ.

ಅರಸೀಕೆರೆಯವ ಬರೆದಿದ್ದಾರೆ:

ಚರ್ಚೆ ಸೊಗಸಾಗಿ ಸಾಗುತ್ತಿದೆ. ಕಿರಿಯ ಓದುಗರಿಗಾಗಿ ಅವರ ಆರಂಭದ ದಿನಗಳ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಅವರ ಹೆಸರಿನಲ್ಲಿರುವ ಜಾವಗಲ್, ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇರುವುದು ಅಲ್ಲಿಯೇ. 1969ರ ಆಗಸ್ಟ್ 31ರಂದು ಜನಿಸಿದ ಶ್ರೀನಾಥ್ ಬೆಳೆದದ್ದು ಮಾತ್ರ ಮೈಸೂರಿನಲ್ಲಿ. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಷನ್ ವಿಷಯದಲ್ಲಿ ಪದವಿ ಪಡೆದರು. ಕ್ಲಬ್ ಪಂದ್ಯವೊಂದರಲ್ಲಿ ಅವರ ಬೌಲಿಂಗ್ ಕಂಡು ರಾಜ್ಯ ತಂಡದತ್ತ ಕರೆತಂದವರು ಗುಂಡಪ್ಪ ವಿಶ್ವನಾಥ್. ದಾಂಡಿಗರಲ್ಲಿ ಕಲಾವಿದರೆನಿಸಿದ ವಿಶ್ವನಾಥ್ ಅವರ ಕಣ್ಣಿಗೆ ಒಬ್ಬ ವೇಗಿ ಬಿದ್ದದ್ದು ಕರ್ನಾಟಕದ ಕ್ರಿಕೆಟ್‌ನ ಭಾಗ್ಯ. 1989-90ರ ಸಾಲಿನಲ್ಲಿ ಹೈದರಾಬಾದ್ ಎದುರು ಆಡಿದ ಮೊದಲ ರಣಜಿ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿಯೇ ಅವರು ಹ್ಯಾಟ್ರಿಕ್ ಪಡೆದರು.

ಎರಡು ವರ್ಷ ತುಂಬುವ ಮೊದಲೇ, 1991ರ ಅಕ್ಟೋಬರ್‌ನಲ್ಲಿ, ಶಾರ್ಜಾದಲ್ಲಿ ಪಾಕಿಸ್ತಾನದ ಎದುರು ಏಕದಿನ ಪಂದ್ಯಕ್ಕೆ ಇಳಿದಿದ್ದರು. ಚಂದ್ರಶೇಖರ್, ಪ್ರಸನ್ನ ಅವರ ಕಾಲದಿಂದ ಸ್ಪಿನ್‌ಗೆ ಹೆಸರಾಗಿದ್ದ ರಾಜ್ಯವೊಂದು ವೇಗದ ಬೌಲರ್‌ಗಳ ಮೂಲಕ ಗುರುತಿಸಿಕೊಳ್ಳಲು ಆರಂಭಿಸಿದ್ದು ಅವರಿಂದ. ಅವರ ಹಿಂದೆಯೇ ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಭಾರತ ತಂಡವನ್ನು ಸೇರಿದರು.

ಅಂಕಪಟ್ಟಿ ಬರೆದಿದ್ದಾರೆ:

ಹೊಸಚೆಂಡು ಅವರ ವಾದಕ್ಕೆ ನನ್ನದೊಂದು ಗಟ್ಟಿಯಾದ ಆಕ್ಷೇಪವಿದೆ. ಚೆಂಡು ಏಳದ ನೆಲವೇ ಅವರಿಗೆ ಒಪ್ಪುತ್ತಿತ್ತೆಂದಾದರೆ 1995ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡವಾದ ಗ್ಲಾಸ್ಟರ್‌ಷೈರ್ ಪರ ಅವರು ಮಾಡಿದ ಸಾಧನೆಯನ್ನು ಹೇಗೆ ವಿವರಿಸುತ್ತೀರಿ? ಆ ತಂಡದ ವೇಗಿ ಕೋರ್ಟ್ನಿ ವಾಲ್ಷ್ ವೆಸ್ಟ್ ಇಂಡೀಸ್ ತಂಡದೊಡನೆ ಪ್ರವಾಸದಲ್ಲಿದ್ದ ಕಾರಣ ಆ ಕೌಂಟಿ ಶ್ರೀನಾಥ್ ಅವರನ್ನು ಕರೆಸಿಕೊಂಡಿತ್ತು. ಒಂದೇ ಋತುವಿನಲ್ಲಿ ಅವರು 87 ವಿಕೆಟ್ ಪಡೆದರು, ಸರಾಸರಿ 19ರ ಆಸುಪಾಸು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ಅತ್ಯುತ್ತಮ ಸಾಧನೆಯಾದ 76ಕ್ಕೆ 9 ವಿಕೆಟ್ ಕೂಡ ಅಲ್ಲಿಯದೇ. ಅದು ಅಹಮದಾಬಾದಿನ ನೆಲವಲ್ಲ, ಅಲ್ಲಿದ್ದ ಚೆಂಡೂ ನಮ್ಮದಲ್ಲ. 1996-97ರ ದಕ್ಷಿಣ ಆಫ್ರಿಕಾ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಪಡೆದ 18 ವಿಕೆಟ್‌ಗಳನ್ನೂ ಮರೆಯಬಾರದು. ಪುಟಿತವಿರುವ ಪಿಚ್‌ನಲ್ಲಿ ಅವರು ವಿಫಲರಾಗುತ್ತಿದ್ದರೆಂದು ಸಾಧಿಸಲು ಈ ಎರಡು ಉದಾಹರಣೆಗಳು ಬಿಡುವುದಿಲ್ಲ.

ಹೊಸಚೆಂಡು ಬರೆದಿದ್ದಾರೆ:

ಅಂಕಪಟ್ಟಿ ಅವರೇ, ವಿಫಲರಾಗುತ್ತಿದ್ದರೆಂದು ನಾನು ಎಲ್ಲಿಯೂ ಹೇಳಿಲ್ಲ, ತವರಿನಲ್ಲಿ ಇನ್ನೂ ಹೆಚ್ಚು ಸಫಲರಾದರು ಎಂದಷ್ಟೇ ನನ್ನ ವಾದ. ಗ್ಲಾಸ್ಟರ್‌ಷೈರ್ ವಿಷಯದಲ್ಲಿ ಒಂದು ಅಂಶವನ್ನು ಗಮನಿಸಬೇಕು. 1995ರ ಇಂಗ್ಲೆಂಡಿನ ಬೇಸಿಗೆ ಬಿಸಿಲಿಗೂ ಮಳೆಯ ಅಭಾವಕ್ಕೂ ಹೆಸರಾದದ್ದು. ಮೋಡ, ಹಸಿರು, ತೇವ ಎಂದು ನಾವು ಕಲ್ಪಿಸಿಕೊಳ್ಳುವ ಇಂಗ್ಲೆಂಡ್ ಆ ವರ್ಷ ಇರಲಿಲ್ಲ. ಒಣಗಿದ ನೆಲದಲ್ಲಿ ಒಳನುಗ್ಗುವ ವೇಗದ ಚೆಂಡು ಅಲ್ಲಿನ ದಾಂಡಿಗರನ್ನು ಕಾಡಿತೆಂಬುದು ನನ್ನ ಮಾತಿಗೆ ವಿರುದ್ಧವಾದ ಸಾಕ್ಷ್ಯವಲ್ಲ, ಪೂರಕವಾದದ್ದೇ.

ದಕ್ಷಿಣ ಆಫ್ರಿಕಾದ 18 ವಿಕೆಟ್‌ಗಳ ಬಗ್ಗೆ ನನ್ನ ಬಳಿ ಬೇರೆ ಉತ್ತರವಿಲ್ಲ. ಅವು ಅಪ್ಪಟ ವೇಗದ ಪಿಚ್‌ನಲ್ಲಿ ದಕ್ಕಿದ ವಿಕೆಟ್‌ಗಳು. ಆ ಹೊತ್ತಿಗೆ ಒಳಬರುವ ಚೆಂಡಿನ ಜೊತೆಗೆ ಹೊರಕ್ಕೆ ಸರಿಯುವ ಲೆಗ್ ಕಟರ್ ಕೂಡ ಅವರ ಬತ್ತಳಿಕೆಯಲ್ಲಿತ್ತು. 1996ರ ಜೂನ್‌ನಿಂದ 1997ರ ಜನವರಿಯವರೆಗಿನ ಅವಧಿಯನ್ನು ಅವರ ಬದುಕಿನ ಶ್ರೇಷ್ಠ ಕಾಲವೆಂದು ಕರೆಯಲು ನನಗೆ ಹಿಂಜರಿಕೆಯಿಲ್ಲ. ಅದರ ಬೆನ್ನಿಗೇ ಭುಜ ಕೈಕೊಟ್ಟಿತು.

ಮೂರನೇಸ್ಲಿಪ್ ಬರೆದಿದ್ದಾರೆ:

ಭುಜದ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತೋಳನ್ನು ಕೀಲಿನೊಳಗೆ ಹಿಡಿದಿಡುವ ಸ್ನಾಯುಗಳ ಗುಂಪನ್ನು ರೊಟೇಟರ್ ಕಫ್ ಎನ್ನುತ್ತಾರೆ. ಚೆಂಡು ಕೈಬಿಟ್ಟ ಮರುಕ್ಷಣ ತೋಳು ಅದೇ ವೇಗದಲ್ಲಿ ಮುಂದಕ್ಕೆ ಹಾರಿಹೋಗದಂತೆ ತಡೆಯುವ ಕೆಲಸ ಈ ಸ್ನಾಯುಗಳದು. ಆದ್ದರಿಂದ ಕಾಲು ಅಥವಾ ಬೆನ್ನಿನ ಪೆಟ್ಟಿಗಿಂತ ಭಿನ್ನವಾಗಿ, ಭುಜದ ಈ ಹಾನಿ ಬೌಲರ್‌ನ ವೇಗದ ಮೂಲಕ್ಕೇ ತಗಲುತ್ತದೆ. 1997ರ ಮಾರ್ಚ್‌ನಿಂದ ಸುಮಾರು ಎಂಟು ತಿಂಗಳು ಶ್ರೀನಾಥ್ ಶಸ್ತ್ರಚಿಕಿತ್ಸೆಯ ಕಾರಣದಿಂದ ಹೊರಗುಳಿದರು, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಕಳೆದುಕೊಂಡರು. ಬಾರ್ಬಡೋಸ್‌ನಲ್ಲಿ 120ರ ಗುರಿ ಮುಟ್ಟಲಾಗದೆ ಭಾರತ 81ಕ್ಕೆ ಕುಸಿದದ್ದು ಆ ಪ್ರವಾಸದಲ್ಲಿಯೇ. ಆ ಸೋಲು ಬೌಲರ್‌ಗಳದಲ್ಲವಾದರೂ, ವೇಗಕ್ಕೆ ನೆರವಾಗುವ ಅಂಥ ನೆಲದಲ್ಲಿ ಅವರಿರಬೇಕಿತ್ತೆಂಬ ಕೊರಗು ಉಳಿದೇ ಉಳಿಯುತ್ತದೆ.

ರಾತ್ರಿಕಾವಲು ಬರೆದಿದ್ದಾರೆ:

ಇಷ್ಟು ಹೊತ್ತು ಬೌಲಿಂಗ್ ಬಗ್ಗೆಯೇ ಮಾತನಾಡಿದ್ದೀರಿ. 1996ರ ಅಕ್ಟೋಬರ್ 21ರ ಟೈಟಾನ್ ಕಪ್ ಪಂದ್ಯವನ್ನು ಕನ್ನಡಿಗರ ಚರ್ಚೆಯೊಂದು ಬಿಟ್ಟುಬಿಡುವುದು ಸಲ್ಲದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ 215 ರನ್ ಗಳಿಸಿತ್ತು. ತೆಂಡೂಲ್ಕರ್ 88ಕ್ಕೆ ಔಟಾದಾಗ ಭಾರತ 8 ವಿಕೆಟ್‌ಗೆ 164. ಉಳಿದ 52 ರನ್‌ಗಳನ್ನು ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ ಜೊತೆಯಾಟದಲ್ಲಿ ಹೊಡೆದು ಮುಗಿಸಿದರು. ಶ್ರೀನಾಥ್ ಅಜೇಯ 30, ಕುಂಬ್ಳೆ ಅಜೇಯ 16. ಕುಂಬ್ಳೆಯವರ ತಾಯಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ತಲ್ಲಣದಿಂದ ನೋಡುತ್ತಿದ್ದ ದೃಶ್ಯವನ್ನು ದೂರದರ್ಶನ ಮತ್ತೆ ಮತ್ತೆ ತೋರಿಸಿದ್ದು ಅನೇಕರಿಗೆ ಇಂದಿಗೂ ನೆನಪಿದೆ. ಟೆಸ್ಟ್‌ನಲ್ಲಿಯೂ ಅವರ ಬ್ಯಾಟ್ ಕೈಲಾಗದ್ದಾಗಿರಲಿಲ್ಲ. 1999ರ ಜನವರಿಯಲ್ಲಿ ಹ್ಯಾಮಿಲ್ಟನ್‌ನಲ್ಲಿ ಅವರು ಗಳಿಸಿದ 76, ದ್ರಾವಿಡ್ ಅವರ 190ಕ್ಕೆ ಆಸರೆಯಾಗಿ ನಿಂತ ಆಟ.

ಕುಂಬ್ಳೆಯವರಿಗೂ ಇವರಿಗೂ ಇದ್ದ ನಂಟಿನ ಇನ್ನೊಂದು ಮುಖ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕಾಣಿಸಿತು. ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳೂ ಕುಂಬ್ಳೆಯವರ ಪಾಲಾಗಿದ್ದವು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದ ಶ್ರೀನಾಥ್, ಹತ್ತನೆಯ ವಿಕೆಟ್ ತಮ್ಮ ಕೈಗೆ ಬಾರದಂತೆ ಚೆಂಡನ್ನು ಸ್ಟಂಪ್‌ಗಳಿಂದ ಬಹುದೂರ ಹಾಕಿದರು. ಮುಂದೆ ವಾಸಿಂ ಅಕ್ರಂ ಔಟಾಗಿ ಕುಂಬ್ಳೆ 74ಕ್ಕೆ 10 ವಿಕೆಟ್ ಪೂರೈಸಿದರು. ವೇಗದ ಬೌಲರ್‌ಗೆ ವಿಕೆಟ್ ಪಡೆಯದಿರಲು ಪ್ರಯತ್ನಿಸುವುದಕ್ಕಿಂತ ಅಸಹಜವಾದ ಕೆಲಸ ಬೇರೊಂದಿಲ್ಲ, ಆ ಓವರ್ ಕೂಡ ಅವರ ಲೆಕ್ಕಕ್ಕೆ ಸೇರಬೇಕು.

ಹೊಸಚೆಂಡು ಬರೆದಿದ್ದಾರೆ:

ರಾತ್ರಿಕಾವಲು ಅವರು ದೆಹಲಿಯನ್ನು ನೆನಪಿಸಿದ್ದರಿಂದ, ಅದಾದ ಹತ್ತು ದಿನಗಳೊಳಗೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಆರಂಭವಾದ ಪಂದ್ಯದ ಬಗ್ಗೆ ವಿವರವಾಗಿ ಬರೆಯುವೆ. ಅದು ಏಷ್ಯನ್ ಟೆಸ್ಟ್ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯ. ಮೊದಲ ದಿನದ ಬೆಳಿಗ್ಗೆ ಶ್ರೀನಾಥ್ ಮತ್ತು ಪ್ರಸಾದ್, ಅಂದರೆ ಇಬ್ಬರು ಕನ್ನಡಿಗರು, ಪಾಕಿಸ್ತಾನವನ್ನು 26 ರನ್‌ಗೆ 6 ವಿಕೆಟ್ ಎಂಬ ಸ್ಥಿತಿಗೆ ತಂದು ನಿಲ್ಲಿಸಿದರು. ಮೊಯಿನ್ ಖಾನ್ 70 ರನ್ ಹೊಡೆದು ತಂಡವನ್ನು 185ಕ್ಕೆ ಮುಟ್ಟಿಸಿದರು. ಶ್ರೀನಾಥ್ ಅವರಿಗೆ 46ಕ್ಕೆ 5 ವಿಕೆಟ್. ಭಾರತ 223 ಗಳಿಸಿತು.

ಎರಡನೆಯ ಇನಿಂಗ್ಸ್‌ನಲ್ಲಿ ಸಯೀದ್ ಅನ್ವರ್ ಒಂದು ತುದಿಯಲ್ಲಿ ಬೇರೂರಿ ಅಜೇಯ 188 ರನ್ ಗಳಿಸಿದರು. ಇನ್ನೊಂದು ತುದಿಯಲ್ಲಿ ಬಂದವರನ್ನೆಲ್ಲ ಶ್ರೀನಾಥ್ ಒಬ್ಬೊಬ್ಬರಾಗಿ ಕಳಿಸಿದರು, 86ಕ್ಕೆ 8. ಪಾಕಿಸ್ತಾನ 316ಕ್ಕೆ ಆಲೌಟ್ ಆಗಿ ಭಾರತಕ್ಕೆ 279ರ ಗುರಿ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ: ಶೋಯೆಬ್ ಅಖ್ತರ್ ಜೊತೆ ಡಿಕ್ಕಿಯಾಗಿ ತೆಂಡೂಲ್ಕರ್ ರನೌಟ್ ಆದದ್ದು, ಪ್ರೇಕ್ಷಕರ ಆಕ್ರೋಶ, ಕೊನೆಗೆ ಕ್ರೀಡಾಂಗಣ ತೆರವುಗೊಳಿಸಿ ಆಟ ಮುಗಿಸಬೇಕಾಗಿ ಬಂದದ್ದು. ಭಾರತ 46 ರನ್‌ಗಳಿಂದ ಸೋತಿತು. ಆ ಗಲಾಟೆಯಲ್ಲಿ, 132 ರನ್‌ಗೆ 13 ವಿಕೆಟ್ ಪಡೆದ ಬೌಲರ್ ಹಿನ್ನೆಲೆಗೆ ಸರಿದುಬಿಟ್ಟರು. 2021ರಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಮುಂಬೈನಲ್ಲಿ 14 ವಿಕೆಟ್ ಪಡೆಯುವವರೆಗೆ, ಟೆಸ್ಟ್ ಇತಿಹಾಸದಲ್ಲಿ ಸೋತ ತಂಡದ ಪರ ಇದಕ್ಕಿಂತ ಒಳ್ಳೆಯ ಸಾಧನೆ ಯಾರದೂ ಇರಲಿಲ್ಲ. ನಮ್ಮ ಪತ್ರಿಕೆಗಳು ರನೌಟ್ ಬಗ್ಗೆ ಬರೆದಷ್ಟರಲ್ಲಿ ಹತ್ತರಲ್ಲೊಂದು ಪಾಲನ್ನು ಆ 13 ವಿಕೆಟ್‌ಗಳ ಬಗ್ಗೆ ಬರೆದಿದ್ದರೂ ಇಂದು ಇಂಥದೊಂದು ಚರ್ಚೆಯ ಅಗತ್ಯವೇ ಬೀಳುತ್ತಿರಲಿಲ್ಲ. ಭುಜದ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವೂ ತುಂಬಿರದ ವ್ಯಕ್ತಿ ಮಾಡಿದ ಕೆಲಸ ಅದು.

ಅಂಕಪಟ್ಟಿ ಬರೆದಿದ್ದಾರೆ:

ಟೆಸ್ಟ್‌ಗಳ ಭರದಲ್ಲಿ ಏಕದಿನ ಪಂದ್ಯಗಳು ಮರೆಯಾಗದಿರಲಿ. 229 ಪಂದ್ಯಗಳಲ್ಲಿ 315 ವಿಕೆಟ್. ಭಾರತದ ವೇಗದ ಬೌಲರ್‌ಗಳಲ್ಲಿ ಇಷ್ಟು ವಿಕೆಟ್ ಪಡೆದವರು ಇನ್ನೊಬ್ಬರಿಲ್ಲ. 1992ರಿಂದ 2003ರವರೆಗೆ ನಾಲ್ಕು ವಿಶ್ವಕಪ್‌ಗಳಲ್ಲಿ ಒಟ್ಟು 44 ವಿಕೆಟ್. ಜಹೀರ್ ಖಾನ್ ಈ ಸಂಖ್ಯೆಯನ್ನು ಸರಿಗಟ್ಟಿದರು, ಮೊಹಮ್ಮದ್ ಶಮಿ 2023ರಲ್ಲಿ ದಾಟಿದರು. 1996ರ ವಿಶ್ವಕಪ್ ಸೆಮಿಫೈನಲ್‌ನ ಮೊದಲ ಓವರ್‌ನಲ್ಲಿ ಶ್ರೀಲಂಕಾದ ಕಲುವಿತರಣ ಮತ್ತು ಜಯಸೂರ್ಯ ಇಬ್ಬರನ್ನೂ ಥರ್ಡ್ ಮ್ಯಾನ್ ಕ್ಷೇತ್ರದಲ್ಲಿ ಕ್ಯಾಚ್ ಕೊಡುವಂತೆ ಮಾಡಿದ್ದನ್ನು ಭಾರತ ಸೋತ ಆ ರಾತ್ರಿಯ ಉಳಿದ ಕಹಿ ನುಂಗಿಹಾಕಿತು.

ಮೂರನೇಸ್ಲಿಪ್ ಬರೆದಿದ್ದಾರೆ:

ಕಹಿಯ ಮಾತು ಬಂದಿತೆಂದು 2003ರ ಮಾರ್ಚ್ 23ನ್ನೂ ಎದುರಿಸಿಯೇ ಬಿಡೋಣ. ಜೋಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾದ ಎದುರಿನ ವಿಶ್ವಕಪ್ ಫೈನಲ್‌ನಲ್ಲಿ 10 ಓವರ್‌ಗಳಿಗೆ 87 ರನ್, ವಿಕೆಟ್ ಇಲ್ಲ. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಹೊಸ ತಲೆಮಾರಿನ ಅನೇಕರು ಶ್ರೀನಾಥ್ ಎಂದೊಡನೆ ಹೇಳುವುದು ಈ ಅಂಕಿಯನ್ನೇ. ಆದರೆ ಅದೇ ಊರಿನಲ್ಲಿ, ಅದೇ ಟೂರ್ನಿಯ ಸೂಪರ್ ಸಿಕ್ಸ್ ಹಂತದಲ್ಲಿ, ಶ್ರೀಲಂಕಾ 109ಕ್ಕೆ ಉರುಳಿದ ದಿನ ಅವರು 35ಕ್ಕೆ 4 ವಿಕೆಟ್ ಪಡೆದಿದ್ದರು. ಇಡೀ ಟೂರ್ನಿಯಲ್ಲಿ ಅವರದು 16 ವಿಕೆಟ್. ಫೈನಲ್‌ನಲ್ಲಿ ಪಾಂಟಿಂಗ್ 140 ಮತ್ತು ಮಾರ್ಟಿನ್ 88 ಹೊಡೆದಾಗ ಪಾರಾದ ಭಾರತೀಯ ವೇಗಿ ಒಬ್ಬನೂ ಇರಲಿಲ್ಲ.

2002ರಲ್ಲಿ ಅವರು ಟೆಸ್ಟ್‌ಗೆ ವಿದಾಯ ಹೇಳಿದ್ದರು. ನಾಯಕ ಗಂಗೂಲಿಯವರ ಒತ್ತಾಯಕ್ಕೆ ಮಣಿದು ಮರಳಿ ಬಂದರು. 33ರ ವಯಸ್ಸಿನಲ್ಲಿ, ಜಹೀರ್ ಮತ್ತು ನೆಹ್ರಾ ಅವರಿಗೆ ಪಕ್ಕದಲ್ಲಿ ಒಬ್ಬ ಅನುಭವಿ ಬೇಕೆಂಬ ಕಾರಣಕ್ಕೆ ಮರಳುವುದು ಸಣ್ಣ ಸಂಗತಿಯಲ್ಲ. ಅವರ ಕೊನೆಯ ಟೆಸ್ಟ್ 2002ರ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ನಡೆಯಿತು. ಕಪಿಲ್ ದೇವ್ ಅವರ ಕೊನೆಯ ಟೆಸ್ಟ್ ಕೂಡ ಅದೇ ಊರಿನಲ್ಲಿ ನಡೆದಿತ್ತು ಎಂಬುದನ್ನು ಮೇಲೆ ಬರೆದಿದ್ದೇನೆ. ಕಪಿಲ್ ಅಲ್ಲಿ ಬಿಟ್ಟ ಹೊಸ ಚೆಂಡನ್ನು ಸುಮಾರು ಒಂಬತ್ತು ವರ್ಷ ಹೊತ್ತವರು ಶ್ರೀನಾಥ್. ಎರಡೂ ತಂಡಗಳು ಮೊದಲ ಇನಿಂಗ್ಸ್‌ನಲ್ಲಿ ನೂರರೊಳಗೆ ಮುಗಿದ ಆ ಹಸಿರು ಪಿಚ್‌ನಲ್ಲಿ 29ಕ್ಕೆ 5 ವಿಕೆಟ್ ಪಡೆದವರು ಜಹೀರ್.

ಅರಸೀಕೆರೆಯವ ಬರೆದಿದ್ದಾರೆ:

ನಿವೃತ್ತಿಯ ನಂತರ 2006ರಿಂದ ಅವರು ಐಸಿಸಿ ಮ್ಯಾಚ್ ರೆಫರಿಯಾಗಿದ್ದಾರೆ. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾದಾಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದರು.

ಇನ್ನೊಂದು ಪ್ರಶ್ನೆ. ನಮ್ಮ ಊರಿನಲ್ಲಿ ವೇಗದ ಬೌಲಿಂಗ್ ಕಲಿಯುತ್ತಿರುವ ಹುಡುಗರು ಹಲವರಿದ್ದಾರೆ. ಅವರಿಗೆ ಶ್ರೀನಾಥ್ ಅವರ ಒಂದೇ ಒಂದು ಸ್ಪೆಲ್ ತೋರಿಸಬೇಕಾದರೆ ಯಾವುದನ್ನು ತೋರಿಸಲಿ, ಕೋಲ್ಕತ್ತದ್ದೋ ಅಹಮದಾಬಾದಿನದೋ?

ಹೊಸಚೆಂಡು ಬರೆದಿದ್ದಾರೆ:

ಅಹಮದಾಬಾದಿನದನ್ನೇ ತೋರಿಸಿ. ಕೋಲ್ಕತ್ತದ 13 ವಿಕೆಟ್‌ಗಳು ದೊಡ್ಡ ಸಾಧನೆ, ನಿಜ. ಆದರೆ ನಮ್ಮ ಹುಡುಗರು ದಿನವೂ ಬೌಲ್ ಮಾಡುವ ನೆಲ ಅಹಮದಾಬಾದಿನದನ್ನು ಹೆಚ್ಚು ಹೋಲುತ್ತದೆ. ಪಿಚ್ ಸತ್ತಿದೆ ಎಂದು ಗೊಣಗುವ ಹುಡುಗನಿಗೆ, ಆ ದಿನ ಕೀಪರ್ ನಯನ್ ಮೊಂಗಿಯಾ ಚೆಂಡನ್ನು ಎಷ್ಟು ಕೆಳಗೆ ಹಿಡಿಯುತ್ತಿದ್ದರೆಂಬುದನ್ನು ಮೊದಲು ಗಮನಿಸಲು ಹೇಳಿ. ಆಮೇಲೆ ಶ್ರೀನಾಥ್ ಅವರ ಲೆಂತ್ ನೋಡಲಿ, ಸೀಮ್ ಯಾವ ದಿಕ್ಕಿಗೆ ನಿಂತಿದೆ ನೋಡಲಿ, ಸ್ಟಂಪ್‌ಗೆ ನೇರವಾದ ಚೆಂಡನ್ನು ಎಷ್ಟು ಸಲ ಹಾಕಿದರೆಂದು ಎಣಿಸಲಿ. ಕೋಲ್ಕತ್ತವನ್ನು ಮರುದಿನ ತೋರಿಸಿದರಾಯಿತು.